ಏಳು ವರ್ಷ, ಏಳು ಮೇಷ್ಟ್ರು

ಏಪ್ರಿಲ್ ಬಂದರೆ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಹೊತ್ತು. ಡ್ರಾಫ್ಟ್ ಬಂದರೆ ನಮ್ಮ ಬೇ ಏರಿಯಾ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಹಳೇ ಜಗಳ. ಹೊಸ ಕ್ವಾರ್ಟರ್‌ಬ್ಯಾಕನ್ನು (ಚೆಂಡು ಎಸೆದು ಆಟ ನಡೆಸುವವನನ್ನು) ಮೊದಲ ದಿನವೇ ಕಣಕ್ಕಿಳಿಸಬೇಕೋ, ಒಂದೆರಡು ವರ್ಷ ಬೆಂಚಿನಲ್ಲಿ ಕೂರಿಸಿ ಪಳಗಿಸಬೇಕೋ? ಒಬ್ಬರು ಮಹೋಮ್ಸ್ ಹೆಸರು ಎತ್ತುತ್ತಾರೆ, ಅವನು ಕೂತು ಕಲಿತವನು. ಇನ್ನೊಬ್ಬರು ಪೇಟನ್ ಮ್ಯಾನಿಂಗ್ ಹೆಸರು ಹೇಳುತ್ತಾರೆ, ಅವನು ಬಿದ್ದು ಕಲಿತವನು. ಇಬ್ಬರ ಮಾತೂ ನಿಜ, ಅದಕ್ಕೇ ಜಗಳ ಮುಗಿಯುವುದಿಲ್ಲ. ನನ್ನ ಪ್ರಕಾರ ಆ ಪ್ರಶ್ನೆಯಿಂದ ಏನೂ ಗಿಟ್ಟುವುದಿಲ್ಲ. ಹುಡುಗನಿಗೆ ಎಷ್ಟು ವರ್ಷ ಒಂದೇ ಪಾಠವನ್ನು ಒಂದೇ ಮಾತಿನಲ್ಲಿ ಕಲಿಸಿದರು ಅಂತ ಕೇಳಿ ನೋಡಿ. ಆಗ ಮೊದಲು ನೆನಪಾಗುವವನು ಅಲೆಕ್ಸ್ ಸ್ಮಿತ್.

ಈ ಆಟ ನೋಡದವರಿಗೆ ಎರಡು ಮಾತು. ಸಾಮಾನ್ಯವಾಗಿ ಒಂದು ಪ್ಲೇ, ಅಂದರೆ ಚೆಂಡಿನ ಒಂದು ಸರದಿ, ಮುಗಿದೊಡನೆ 40 ಸೆಕೆಂಡಿನ ಗಡಿಯಾರ ಓಡಲು ಶುರು. ಮುಂದಿನ ಪ್ಲೇ ಏನೆಂದು ಕೋಚ್ ಹೇಳುವುದು ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ಟಿನೊಳಗಿರುವ ಸ್ಪೀಕರಿಗೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೋ ಬಂದ್. ಅವನು ಆ ಉದ್ದನೆಯ ಪ್ಲೇ ಹೆಸರನ್ನು ಉಳಿದ ಹತ್ತು ಜನರಿಗೆ ತಪ್ಪಿಲ್ಲದೆ ಒಪ್ಪಿಸಬೇಕು, ಎದುರಿನ ಡಿಫೆನ್ಸ್ ಹೇಗೆ ನಿಂತಿದೆ ನೋಡಬೇಕು, ಯಾರು ಯಾರನ್ನು ತಡೆಯಬೇಕೆಂದು ಕೂಗಿ ಹೇಳಬೇಕು, ಬೇಕಾದರೆ ಪ್ಲೇಯನ್ನೇ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಎರಡೂವರೆ, ಮೂರು ಸೆಕೆಂಡು. ಆ ಹೊತ್ತಿನಲ್ಲಿ ಯೋಚನೆ ಮಾಡುತ್ತಾ ನಿಂತವನು ನೆಲಕ್ಕೆ ಬಿದ್ದ ಅಂತಲೇ ಲೆಕ್ಕ. ಎಲ್ಲವೂ ಕಾಲಿಗೆ, ಕಣ್ಣಿಗೆ ರೂಢಿಯಾಗಿ ಹೋಗಿರಬೇಕು. ರೂಢಿ ಅನ್ನುವುದು ಒಂದು ಬೇಸಿಗೆಯಲ್ಲಿ ಬರುವಂಥದ್ದಲ್ಲ.

2005ರ ಡ್ರಾಫ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಮೊದಲನೆಯವನಾಗಿ ಸ್ಮಿತ್‌ನನ್ನು ಆರಿಸಿತು. ಆಗಿನ್ನೂ ಇಪ್ಪತ್ತರ ಹುಡುಗ. ಅರ್ಬನ್ ಮೇಯರ್ ಕೈಕೆಳಗೆ ಯೂಟಾ ವಿಶ್ವವಿದ್ಯಾಲಯವನ್ನು ಸೋಲೇ ಇಲ್ಲದೆ 12-0 ದಾಟಿಸಿ ಬಂದವನು. ಆರು ವರ್ಷಕ್ಕೆ 4.95 ಕೋಟಿ ಡಾಲರ್ ಒಪ್ಪಂದ. ಮೊದಲ ವರ್ಷ ಅವನು ಎಸೆದದ್ದು 1 ಟಚ್‌ಡೌನ್ (ಈ ಆಟದ ಗೋಲು ಅನ್ನಿ), 11 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ಊರಿನವರ ಬಾಯಿಗೆ ಇನ್ನೇನು ಬೇಕು?

ಆದರೆ ಅವನಿಗೆ ಕಲಿಸಿದವರ ಪಟ್ಟಿ ನೋಡಿ. 2005ರಲ್ಲಿ ಅಫೆನ್ಸಿವ್ ಕೋಆರ್ಡಿನೇಟರ್ (ದಾಳಿಯ ಪಾಠ ಹೇಳುವ ಕೋಚ್) ಮೈಕ್ ಮೆಕಾರ್ಥಿ. ವೆಸ್ಟ್ ಕೋಸ್ಟ್ ಪದ್ಧತಿಯವರು, ಅದರಲ್ಲಿ ರಿಸೀವರ್ (ಎಸೆತ ಹಿಡಿಯುವವನು) ಓಡುವ ದಾರಿಗಳಿಗೆ ಹೆಸರುಗಳಿರುತ್ತವೆ. ವರ್ಷ ಮುಗಿಯುತ್ತಿದ್ದಂತೆ ಅವರು ಗ್ರೀನ್ ಬೇ ಮುಖ್ಯ ಕೋಚ್ ಆಗಿ ಹೊರಟರು. 2006ಕ್ಕೆ ನಾರ್ವ್ ಟರ್ನರ್ ಬಂದರು. ಅವರು ಡಾನ್ ಕೊರಿಯಲ್ ಪರಂಪರೆಯವರು, ಅಲ್ಲಿ ಆ ದಾರಿಗಳಿಗೆಲ್ಲ ನಂಬರು. ಸ್ಮಿತ್ ಮೊದಲಿನಿಂದ ಕಲಿತ. 16 ಪಂದ್ಯವನ್ನೂ ಆಡಿದ, 16 ಟಚ್‌ಡೌನ್ ಎಸೆದ, ತಂಡ 7-9ಕ್ಕೆ (7 ಗೆಲುವು, 9 ಸೋಲು) ಬಂತು. ಪರವಾಗಿಲ್ಲ, ಹುಡುಗ ದಾರಿಗೆ ಬಂದ ಅನ್ನುವಷ್ಟರಲ್ಲಿ ಟರ್ನರ್ ಮುಖ್ಯ ಕೋಚ್ ಆಗಿ ಸ್ಯಾನ್ ಡಿಯೇಗೊಗೆ ಹೋದರು. 2007ರಲ್ಲಿ ಜಿಮ್ ಹಾಸ್ಲರ್. ಆ ವರ್ಷ ಭುಜಕ್ಕೆ ಪೆಟ್ಟು. ನೋವಿನಲ್ಲೇ ಆಡಿಸಿದ್ದಲ್ಲದೆ, ಮುಖ್ಯ ಕೋಚ್ ಮೈಕ್ ನೋಲನ್ ಹುಡುಗನ ಗಟ್ಟಿತನವನ್ನೇ ಎಲ್ಲರೆದುರು ಪ್ರಶ್ನಿಸಿದರು. 2008ರಲ್ಲಿ ಮೈಕ್ ಮಾರ್ಟ್ಜ್. ಆ ಇಡೀ ವರ್ಷ ಸ್ಮಿತ್ ಗಾಯದಿಂದ ಹೊರಗೆ. 2009ಕ್ಕೆ ಜಿಮ್ಮಿ ರೇ. 2010ರಲ್ಲಿ ಮೂರು ಪಂದ್ಯಕ್ಕೇ ರೇ ಅವರನ್ನು ಕಳಿಸಿ ಮೈಕ್ ಜಾನ್ಸನ್. 2011ಕ್ಕೆ ಗ್ರೆಗ್ ರೋಮನ್. ಏಳು ಸೀಸನ್, ಏಳು ಕೋಆರ್ಡಿನೇಟರ್. ಅಪ್ಪನಿಗೆ ವರ್ಷಕ್ಕೊಂದು ವರ್ಗಾವಣೆಯಾಗಿ ಒಂದನೇ ಕ್ಲಾಸು ಕನ್ನಡ ಮೀಡಿಯಂ, ಎರಡನೇದು ಮರಾಠಿ, ಮೂರನೇದು ತಮಿಳಲ್ಲಿ ಓದಿದ ಮಗುವಿನ ಸ್ಥಿತಿ. ಆ ಮಗುವಿಗೆ ಲೆಕ್ಕ ಬರಲ್ಲ ಅಂತ ಷರಾ ಬರೆಯುವ ಮುಂಚೆ ಸ್ವಲ್ಪ ತಡೆಯಬೇಕಲ್ಲವೇ?

ಅದೇ 2005ರಲ್ಲಿ 49ಅರ್ಸ್ ಬಿಟ್ಟುಹೋದ ಹುಡುಗ ಆರನ್ ರಾಜರ್ಸ್. ಬರ್ಕ್ಲಿಯಲ್ಲಿ ಆಡಿದವನು, ಚಿಕ್ಕಂದಿನಿಂದ 49ಅರ್ಸ್ ಅಭಿಮಾನಿ. 24ನೆಯವನಾಗಿ ಗ್ರೀನ್ ಬೇ ಸೇರಿದ. ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕೂತ. ಎರಡನೇ ವರ್ಷ ಅಲ್ಲಿಗೆ ಮುಖ್ಯ ಕೋಚ್ ಆಗಿ ಬಂದವರು ಯಾರು? ಅದೇ ಮೆಕಾರ್ಥಿ. ಸ್ಮಿತ್‌ಗೆ ಒಂದು ವರ್ಷ ಸಿಕ್ಕ ಗುರು ರಾಜರ್ಸ್‌ಗೆ ಹದಿಮೂರು ಸೀಸನ್ ಸಿಕ್ಕರು. ಬೇಸಿಗೆಯಲ್ಲಿ ಅವರು ನಡೆಸುತ್ತಿದ್ದ ಕ್ವಾರ್ಟರ್‌ಬ್ಯಾಕ್ ಶಾಲೆ ಹೆಸರುವಾಸಿ. ಕಾಲೇಜಿನಿಂದ ಬರುವಾಗ ರಾಜರ್ಸ್ ಚೆಂಡನ್ನು ಕಿವಿಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದ. ಕೂತ ಆ ವರ್ಷಗಳಲ್ಲಿ ಅದನ್ನು ಕೆಳಗಿಳಿಸಿದ. ಪಂದ್ಯದ ನಡುವೆ ಅಂಥದ್ದನ್ನೆಲ್ಲ ತಿದ್ದಲಾಗುವುದಿಲ್ಲ.

ರಾಜರ್ಸ್ ಕೈಯಲ್ಲಿದ್ದದ್ದು ಸ್ಮಿತ್ ಕೈಯಲ್ಲಿರಲಿಲ್ಲ, ಅದನ್ನು ಒಪ್ಪೋಣ. ಅಂಥ ತೋಳು ಬೆರಳೆಣಿಕೆಯ ಜನಕ್ಕೆ ಸಿಗುತ್ತದೆ. ಆದರೂ ಇವರಿಬ್ಬರನ್ನು ಅದಲುಬದಲು ಮಾಡಿದ್ದರೆ ರಾಜರ್ಸ್ ಅದೇ ರಾಜರ್ಸ್ ಆಗುತ್ತಿದ್ದ ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೆ ಅನುಮಾನ.

2011ರಲ್ಲಿ ಜಿಮ್ ಹಾರ್ಬಾ ಮುಖ್ಯ ಕೋಚ್ ಆಗಿ ಬಂದರು. ತಾನೇ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಆ ಬೇಸಿಗೆ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಲಾಕೌಟ್. ಕೋಚುಗಳು ಆಟಗಾರರ ಜೊತೆ ಮಾತಾಡುವಂತಿಲ್ಲ. ಆಗ ಸ್ಮಿತ್‌ಗೆ ಒಪ್ಪಂದವೇ ಇರಲಿಲ್ಲ. ಆದರೂ ಅವನು ಹಾರ್ಬಾ ಅವರ ಪ್ಲೇಬುಕ್ ಹಿಡಿದುಕೊಂಡು ತಂಡದ ಹುಡುಗರನ್ನು ಸ್ಯಾನ್ ಹೋಸೆಯಲ್ಲಿ ಕಲೆಹಾಕಿ ತಾನೇ ಪಾಠ ಮಾಡಿದ. ಆ ಸೀಸನ್ 13-3. ಸ್ಮಿತ್ 17 ಟಚ್‌ಡೌನ್, ಬರೀ 5 ಇಂಟರ್‌ಸೆಪ್ಷನ್. ಪ್ಲೇಆಫಿನಲ್ಲಿ ಸೇಂಟ್ಸ್ ವಿರುದ್ಧ ಕೊನೇ ಒಂಬತ್ತು ಸೆಕೆಂಡಿನಲ್ಲಿ ವರ್ನನ್ ಡೇವಿಸ್‌ಗೆ ಕೊಟ್ಟ ಆ ಪಾಸ್ ಈ ಊರಿನಲ್ಲಿ ಯಾರೂ ಮರೆತಿಲ್ಲ. ಮರುವರ್ಷ ತಲೆಗೆ ಪೆಟ್ಟಾಗಿ ಹೊರಗೆ ಕೂತ, ಕಾಲಿನ್ ಕೇಪರ್ನಿಕ್ ಜಾಗ ಹಿಡಿದ. ಅದು ಬೇರೆಯೇ ಕತೆ.

2013ರಲ್ಲಿ ಸ್ಮಿತ್ ಕ್ಯಾನ್ಸಸ್ ಸಿಟಿಗೆ, ಮುಖ್ಯ ಕೋಚ್ ಆಂಡಿ ರೀಡ್ ಹತ್ತಿರ. ಹಿಂದಿನ ವರ್ಷ 2-14 ಆಗಿದ್ದ ತಂಡ ಒಂದೇ ವರ್ಷಕ್ಕೆ 11-5. ರೀಡ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಅವರ ಗುರು ಮೈಕ್ ಹೋಮ್‌ಗ್ರೆನ್, ಹೋಮ್‌ಗ್ರೆನ್ ಗುರು 49ಅರ್ಸ್‌ನ ಹಳೇ ಕೋಚ್ ಬಿಲ್ ವಾಲ್ಷ್. ವಾಲ್ಷ್ ಪಾಠ ಶುರುವಾಗುತ್ತಿದ್ದದ್ದೇ ಕಾಲಿನಿಂದ. ಹಿಂದಕ್ಕೆ ಮೂರು ಹೆಜ್ಜೆ ಇಟ್ಟರೆ ಈ ರಿಸೀವರ್, ಐದು ಇಟ್ಟರೆ ಆ ರಿಸೀವರ್, ಅವನಿಗೆ ದಾರಿ ಸಿಗಲಿಲ್ಲವೋ, ಸಣ್ಣದೊಂದು ಹೆಜ್ಜೆ ಮುಂದಿಟ್ಟು ಮತ್ತೊಬ್ಬನ ಕಡೆ ಕಣ್ಣು. ಯಾವಾಗ ಎಸೆಯಬೇಕೆಂದು ಕಾಲೇ ಹೇಳುತ್ತದೆ. 1979ರಲ್ಲಿ ಮೂರನೇ ಸುತ್ತಿನಲ್ಲಿ, 82ನೆಯವನಾಗಿ ಸಿಕ್ಕ ಜೋ ಮೊಂಟಾನಾನನ್ನು ವಾಲ್ಷ್ ತಯಾರು ಮಾಡಿದ್ದು ಹೀಗೆ. ಮೊದಲ ವರ್ಷ ಮೊಂಟಾನಾ ಹೆಚ್ಚಾಗಿ ಸ್ಟೀವ್ ಡಿಬರ್ಗ್ ಹಿಂದೆಯೇ ಇದ್ದ, ತಂಡ 2-14 ಆಗಿ ಒದ್ದಾಡಿತು. ವಾಲ್ಷ್ ಗಾಬರಿಯಾಗಲಿಲ್ಲ.

2017ರಲ್ಲಿ ರೀಡ್ ತಂಡ ಡ್ರಾಫ್ಟ್ ಸರದಿಯಲ್ಲಿ 27ರಿಂದ 10ಕ್ಕೆ ಹಾರಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರಿಸಿತು. ತನ್ನ ಜಾಗಕ್ಕೇ ಬಂದ ಹುಡುಗ ಅಂತ ಸ್ಮಿತ್‌ಗೆ ಮೊದಲ ದಿನವೇ ಗೊತ್ತು. ಮುಖ ಸಿಂಡರಿಸಿಕೊಂಡು ಕೂತಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವನು ಹುಡುಗನನ್ನು ಜೊತೆಗೆ ಕೂರಿಸಿಕೊಂಡ. ಸೋಮವಾರದಿಂದ ಶನಿವಾರದವರೆಗೆ ವಾರವನ್ನು ಹೇಗೆ ಜೋಡಿಸಿಕೊಳ್ಳಬೇಕು, ಎದುರಾಳಿಯ ವಿಡಿಯೋದಲ್ಲಿ ಏನು ಹುಡುಕಬೇಕು, ಎಲ್ಲವೂ ಕಣ್ಣೆದುರಿಗೇ ಇತ್ತು. ತಮಾಷೆ ಎಂದರೆ ಆ ವರ್ಷ ಸ್ಮಿತ್‌ನ ಪಾಸರ್ ರೇಟಿಂಗ್ (ಎಸೆತಕ್ಕೆ ಕೊಡುವ ಅಂಕ) 104.7, ಲೀಗಿಗೇ ಮೊದಲು. ಮಹೋಮ್ಸ್ ಆಡಿದ್ದು ಕೊನೆಯ ವಾರ ಡೆನ್ವರ್‌ನಲ್ಲಿ ಒಂದೇ ಪಂದ್ಯ. ಮರುವರ್ಷ 50 ಟಚ್‌ಡೌನ್, ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ). ಮತ್ತೆ ರೀಡ್ ಮಾಡದೆ ಬಿಟ್ಟ ಒಂದು ಕೆಲಸವನ್ನೂ ಹೇಳಬೇಕು. ಹುಡುಗನ ಅಡ್ಡಾದಿಡ್ಡಿ ಎಸೆತವನ್ನು ನೇರ ಮಾಡಲು ಅವರು ಹೋಗಲಿಲ್ಲ. ಕಾಲು ಮತ್ತು ಕಣ್ಣು ತಿದ್ದಿ, ಕೈಯನ್ನು ಅದರ ಪಾಡಿಗೆ ಬಿಟ್ಟರು. ಯಾವುದನ್ನು ಮುಟ್ಟಬಾರದು ಎಂದು ತಿಳಿದಿರುವ ಕೋಚುಗಳು ಕಡಿಮೆ.

ಹಾಗಾದರೆ ಬೆಂಚೇ ಮದ್ದು ಅಂತೀರಾ? ಸೀಸನ್ ನಡೆಯುವಾಗ ಪ್ರಾಕ್ಟೀಸಿನ ಹೆಚ್ಚಿನ ಪಾಲು ಆಡುವವನಿಗೇ ಹೋಗುತ್ತದೆ. ಎರಡನೆಯವನು ಎದುರಾಳಿಯ ಪ್ಲೇಗಳನ್ನು ನಟಿಸುತ್ತಾ ದಿನ ದೂಡುತ್ತಾನೆ. ಕಲಿಸುವವರಿಲ್ಲದಿದ್ದರೆ ಕೂತದ್ದು ಕೂತದ್ದೇ. ಇತ್ತ ಮ್ಯಾನಿಂಗ್ 1998ರಲ್ಲಿ ಮೊದಲ ಪಂದ್ಯದಿಂದ ಆಡಿ 28 ಇಂಟರ್‌ಸೆಪ್ಷನ್ ಎಸೆದ, ತಂಡ 3-13. ಆದರೆ ಅವನ ಕೋಆರ್ಡಿನೇಟರ್ ಟಾಮ್ ಮೂರ್ 2008ರವರೆಗೂ ಅಲ್ಲೇ ಇದ್ದರು. ಒಬ್ಬ ಕೂತ, ಒಬ್ಬ ಬಿದ್ದ. ಇಬ್ಬರಿಗೂ ಮೇಷ್ಟ್ರು ಬದಲಾಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ತಂಡಗಳಿಗೆ ತಾಳ್ಮೆ ಏಕಿಲ್ಲ? ದುಡ್ಡು, ಸ್ವಾಮಿ. 2010ರಲ್ಲಿ ಮೊದಲನೆಯವನಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್. ಮಾಲೀಕರಿಗೂ ಆಟಗಾರರಿಗೂ ಆದ 2011ರ ಹೊಸ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಅಗ್ಗಕ್ಕೆ ಸಿಕ್ಕ ಆ ನಾಲ್ಕೈದು ವರ್ಷದೊಳಗೇ ಕಪ್ ಹೊಡೆಯಬೇಕು ಅನ್ನುವ ಆತುರ ಅಲ್ಲಿಂದ ಹೆಚ್ಚಾಯಿತು. ಅದೇ ಒಪ್ಪಂದ ಪ್ರಾಕ್ಟೀಸನ್ನೂ ಕಡಿತ ಮಾಡಿತು. ಆಟಗಾರರ ಮೈಗೆ ಒಳ್ಳೆಯದೇ ಆಯಿತು, ಆದರೆ ಕಲಿಸಲು ಸಿಗುವ ದಿನ ಕಡಿಮೆಯಾದವು. 2023ರಲ್ಲಿ ಕ್ಯಾರೊಲೈನಾ ಮೊದಲನೆಯವನಾಗಿ ಬ್ರೈಸ್ ಯಂಗ್‌ನನ್ನು ಆರಿಸಿತು. ಆ ಜಾಗಕ್ಕಾಗಿ ತನ್ನ ಒಳ್ಳೆಯ ರಿಸೀವರ್ ಡಿ.ಜೆ. ಮೂರ್‌ನನ್ನೂ ಬಿಟ್ಟುಕೊಟ್ಟಿತ್ತು. ಸೀಸನ್ ಮಧ್ಯೆ ಪ್ಲೇ ಕರೆಯುವ ಕೆಲಸ ಮುಖ್ಯ ಕೋಚ್ ಫ್ರ್ಯಾಂಕ್ ರೈಕ್ ಕೈಯಿಂದ ಸಹಾಯಕರಿಗೆ, ಅಲ್ಲಿಂದ ಮತ್ತೆ ರೈಕ್ ಕೈಗೆ, 11 ಪಂದ್ಯಕ್ಕೆ ರೈಕ್ ಮನೆಗೆ. ತಪ್ಪು ಮಾತ್ರ ಯಂಗ್‌ನ ಗಿಡ್ಡ ಮೈಯದು!

ಟರ್ನರ್ ಕತೆಯಲ್ಲಿ ಇನ್ನೊಂದು ಪೇಚಿದೆ. ಚೆನ್ನಾಗಿ ಕಲಿಸಿದವರನ್ನೇ ಬೇರೆ ತಂಡ ಮುಖ್ಯ ಕೋಚ್ ಮಾಡಿ ಎತ್ತಿಕೊಂಡು ಹೋಗುತ್ತದೆ. ಅದನ್ನು ತಡೆಯಲಾಗುವುದಿಲ್ಲ. ಬಫಲೋ ತಂಡ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಮೆಚ್ಚುಗೆ. ಮೊದಲ ವರ್ಷ ಅವರ ಕ್ವಾರ್ಟರ್‌ಬ್ಯಾಕ್ ಜಾಶ್ ಆಲೆನ್ ಎಸೆದ ಪಾಸುಗಳಲ್ಲಿ ಗುರಿ ಮುಟ್ಟಿದ್ದು ಶೇ. 52.8. ಕೋಆರ್ಡಿನೇಟರ್ ಬ್ರಯಾನ್ ಡೇಬೋಲ್ ಜೊತೆ ಮೂರನೇ ವರ್ಷಕ್ಕೆ ಶೇ. 69.2. ಡೇಬೋಲ್ ಹೋದಾಗ ಆಲೆನ್‌ಗೆ ಕಲಿಸುತ್ತಿದ್ದ ಕೆನ್ ಡೋರ್ಸಿಯನ್ನೇ ಮೇಲೇರಿಸಿದರು, ಅವರ ಬಳಿಕ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿದ್ದ ಜೋ ಬ್ರೇಡಿಯನ್ನು. ಪ್ಲೇ ಕರೆಯುವವರು ಬದಲಾದರು, ಮನೆಮಾತು ಬದಲಾಗಲಿಲ್ಲ. 2024ರಲ್ಲಿ ಆಲೆನ್ ಎಂವಿಪಿ.

ಎಲ್ಲಾ ಸೋಲಿಗೂ ಕೋಚೇ ಕಾರಣ ಅಂತ ನಾನೇನೂ ಹೇಳುತ್ತಿಲ್ಲ. 2007ರಲ್ಲಿ ಮೊದಲನೆಯವನಾಗಿ ಬಂದ ಜಮಾರ್ಕಸ್ ರಸಲ್ ಮೂರೇ ಸೀಸನ್ನಿಗೆ ಲೀಗಿನಿಂದಲೇ ಮಾಯವಾದ. ಅವನನ್ನು ಯಾವ ಗುರು ಉಳಿಸುತ್ತಿದ್ದರೋ ದೇವರೇ ಬಲ್ಲ.

ಶಿಕಾಗೊದಲ್ಲಿರುವ ನನ್ನ ಭಾವಮೈದನ ಕೊರಗೇ ಬೇರೆ. 2017ರಲ್ಲಿ ಅವನ ಬೇರ್ಸ್ ತಂಡ ಮಹೋಮ್ಸ್‌ನನ್ನು ಬಿಟ್ಟು ಎರಡನೆಯವನಾಗಿ ಮಿಚ್ ಟ್ರುಬಿಸ್ಕಿಯನ್ನು ಆರಿಸಿತ್ತು. ನಾನು ಸಮಾಧಾನ ಹೇಳುತ್ತೇನೆ: ಮಹೋಮ್ಸ್ ಬಂದಿದ್ದರೂ ನೀವು ಹಾಳು ಮಾಡುತ್ತಿದ್ದಿರಿ, ಅಕ್ಟೋಬರಿಗೆಲ್ಲ ಕಣಕ್ಕೆ ನೂಕುತ್ತಿದ್ದಿರಿ, ಜನವರಿಗೆ ಕೋಚ್ ಜಾನ್ ಫಾಕ್ಸ್ ಕೆಲಸ ಹೋಗಿ ಮತ್ತೆ ಹೊಸ ಪಾಠ. ಅವನು ಬಿಡುವವನಲ್ಲ. "ಅಲ್ಲ ಭಾವ, ಆಮೇಲೆ ಬಂದ ಮ್ಯಾಟ್ ನೇಗಿ ನಿಮ್ಮ ರೀಡ್ ಶಿಷ್ಯನೇ ತಾನೇ? ಟ್ರುಬಿಸ್ಕಿಗೆ ಮೂರು ವರ್ಷ ಅದೇ ಪಾಠ ಹೇಳಿದ್ದಾನಲ್ಲ, ಏನು ಉದ್ಧಾರ ಆಯ್ತು?" ಅಂತಾನೆ. ಮೊದಲ ವರ್ಷ 12-4 ಆಗಿದ್ದನ್ನು ನಾನು ನೆನಪಿಸುತ್ತೇನೆ. ಆಮೇಲಿನ ಎರಡು ವರ್ಷವನ್ನು ಅವನು ನೆನಪಿಸುತ್ತಾನೆ. ನನ್ನ ವಾದದಲ್ಲಿರುವ ದೊಡ್ಡ ತೂತು ಅದು, ಅವನಿಗೂ ಅದು ಚೆನ್ನಾಗಿ ಗೊತ್ತು.