ವರ್ಗಾವಣೆಗೆ ಕಾರಣ ಬರೆಯಿರಿ

ಬ್ಯಾಂಕಿನ ಗಾಜಿನ ಬಾಗಿಲಿಗೆ ಅಂಟಿಸುವ ನೋಟಿಸನ್ನು ನಾನು ಸಾಮಾನ್ಯವಾಗಿ ಓದುವುದಿಲ್ಲ. ರಜೆಯ ಪಟ್ಟಿ ಇರುತ್ತದೆ, ಇಲ್ಲವೇ ಲಾಕರ್ ಬಾಡಿಗೆ ಕಟ್ಟಿ ಅನ್ನುವ ಜ್ಞಾಪನೆ. ಈ ಸಲ ಮಾತ್ರ ಅಕ್ಷರ ದಪ್ಪಗಿತ್ತು. ಗ್ರಾಹಕರ ಅನುಕೂಲಕ್ಕಾಗಿ ಈ ಶಾಖೆಯನ್ನು ಇನ್ನೊಂದು ಶಾಖೆಯೊಂದಿಗೆ ವಿಲೀನಗೊಳಿಸಲಾಗುತ್ತಿದೆ ಎಂದಿತ್ತು. ಆ ಇನ್ನೊಂದು ಶಾಖೆ ರಿಂಗ್ ರೋಡಿನ ಆಚೆ ಇದೆ. ಬೆಂಗಳೂರಿನಲ್ಲಿ ರಿಂಗ್ ರೋಡ್ ದಾಟಿದವರಿಗೆ ಈ ‘ಅನುಕೂಲ’ ಎಲ್ಲಿ ಚುಚ್ಚುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನಮಗೆ ವಿಲೀನ ಹೊಸದೇನೂ ಅಲ್ಲ, ಬಿಡಿ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಎರಡೂ ಹೋದವು. ಎಲ್ಲವೂ ಏಪ್ರಿಲ್ ಒಂದನೇ ತಾರೀಕೇ. ಲೆಕ್ಕದ ಹೊಸ ವರ್ಷ ಅವತ್ತೇ ಶುರುವಾಗುತ್ತದೆ ಅನ್ನುವುದು ಸರಿ. ಆದರೂ ಆ ತಾರೀಕು ನೋಡಿದ ಗ್ರಾಹಕನಿಗೆ ಬೇರೇನೋ ಹೊಳೆಯುತ್ತದೆ, ಅಲ್ವಾ? ಈಗ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಇದೆ, ವಿಜಯಾ ಬ್ಯಾಂಕ್ ಲೇಔಟ್ ಇದೆ. ಬ್ಯಾಂಕುಗಳು ಮಾತ್ರ ಇಲ್ಲ.

ಬ್ಯಾಂಕೇ ಹೋದಾಗ ನಮ್ಮಂಥವರು ಮಾಡುವುದಕ್ಕೇನೂ ಇರುವುದಿಲ್ಲ. ಬರೀ ಶಾಖೆ ಹೋದರೆ ಏನಾದರೂ ಮಾಡಬಹುದು ಅನ್ನಿಸಿತು. ನಮ್ಮ ಪಾರ್ಕಿನ ಪಕ್ಕದಲ್ಲೇ ಅದೇ ಬ್ಯಾಂಕಿನ ಮತ್ತೊಂದು ಶಾಖೆ ಇದೆ. ಅವರು ನನ್ನನ್ನು ರಿಂಗ್ ರೋಡಿನಾಚೆ ಸಾಗಿಸುವ ಮೊದಲು ನಾನೇ ಖಾತೆಯನ್ನು ಇಲ್ಲಿಗೆ ತಂದುಕೊಂಡರೆ ಆಯಿತಲ್ಲ. ಅದೇ ವಾಕಿಂಗು, ಅದೇ ಚಪ್ಪಲಿ, ದಿನಚರಿಯಲ್ಲಿ ಏನೂ ಬದಲಾಗುವುದಿಲ್ಲ. ಈ ಪ್ಲಾನಿನಲ್ಲಿ ಈಗಲೂ ನನಗೆ ದೋಷ ಕಾಣುವುದಿಲ್ಲ. ದೋಷ ಇದ್ದದ್ದು ಫಾರ್ಮಿನಲ್ಲಿ.

ಮೊದಲು ಮೊಬೈಲ್ ಆಪಿನಲ್ಲಿ ನೋಡಿದೆ. ‘ಹೋಮ್ ಬ್ರಾಂಚನ್ನು ಸಂಪರ್ಕಿಸಿ’ ಅಂತ ಬಂತು. ಸರಿ, ಹೋದೆ. ಫಾರ್ಮಿನಲ್ಲಿ ಹೆಸರು, ಖಾತೆ ಸಂಖ್ಯೆ, ಸಹಿ ಎಲ್ಲ ತುಂಬಿದ ಮೇಲೆ ಒಂದು ಖಾಲಿ ಗೆರೆ ಉಳಿದಿತ್ತು. ವರ್ಗಾವಣೆಗೆ ಕಾರಣ. ನಾನು ಪ್ರಾಮಾಣಿಕವಾಗಿ ‘ಬದಲಾವಣೆ ತಪ್ಪಿಸಲು’ ಎಂದು ಬರೆದೆ.

ಕೌಂಟರಿನಲ್ಲಿದ್ದ ಮೇಡಂ ಅದನ್ನು ಓದಿದರು. ಮತ್ತೆ ಓದಿದರು.

“ಬದಲಾವಣೆ ಬೇಡ ಅಂದ್ರೆ ಬದಲಾವಣೆಗೆ ಯಾಕೆ ಸರ್ ಅರ್ಜಿ ಕೊಟ್ಟಿದ್ದೀರಿ?”

ಇದಕ್ಕೆ ಏನು ಉತ್ತರ ಕೊಡುವುದು? ನಾನು ರಿಂಗ್ ರೋಡಿನ ಕಥೆ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಕೇಳಿದರು, “ಅಂದ್ರೆ ಮನೆ ಬದಲಾಯಿಸಿದ್ದೀರಾ?”

“ಇಲ್ಲ ಮೇಡಂ. ಮನೆ ಅಲ್ಲೇ ಇದೆ. ನೀವು ಹೋಗ್ತಾ ಇದ್ದೀರಿ.”

“ಹಾಗಾದ್ರೆ ಹೊಸ ವಿಳಾಸದ ಪ್ರೂಫ್ ಕೊಡಿ ಸರ್.”

“ಹೊಸ ವಿಳಾಸ ನಿಮ್ಮದು.”

“ನಮ್ಮದು ಬೇಡ ಸರ್. ನಿಮ್ಮದು.”

“ನನಗೆ ಹೊಸ ವಿಳಾಸ ಇಲ್ಲವಲ್ಲ!”

“ಬಾಡಿಗೆ ಕರಾರು ಪತ್ರ ಕೊಟ್ರೂ ನಡೆಯುತ್ತೆ,” ಎಂದು ಅವರು ದನಿ ತಗ್ಗಿಸಿ ರಿಯಾಯಿತಿ ಕೊಟ್ಟರು.

ಮೇಡಂ ಕೆಟ್ಟವರಲ್ಲ. ಅವರಿಗೆ ಒಂದು ಅಭ್ಯಾಸ ಇತ್ತು, ಅಷ್ಟೇ. ಪ್ರತಿ ಮಾತಿಗೂ ಸಿಸ್ಟಮ್ಮನ್ನು ಎಳೆದು ತರುತ್ತಿದ್ದರು. ಅವರ ಬಾಯಲ್ಲಿ ಸಿಸ್ಟಮ್ ಅಂದರೆ ಒಳಕೋಣೆಯಲ್ಲಿ ಮಲಗಿರುವ ಮನೆಯ ಅಜ್ಜ. ಎದ್ದು ಬರುವುದಿಲ್ಲ, ಯಾರ ಮಾತೂ ಕಿವಿಗೆ ಬೀಳುವುದಿಲ್ಲ, ಆದರೆ ಅಜ್ಜನ ಮಾತು ಮೀರುವಂತಿಲ್ಲ. “ಸಿಸ್ಟಮ್ ಕೇಳುತ್ತೆ ಸರ್.” “ಅದನ್ನ ಸಿಸ್ಟಮ್ ತಗೊಳ್ಳಲ್ಲ ಸರ್.” “ಊಟದ ಮೇಲೆ ಸಿಸ್ಟಮ್ ಸ್ವಲ್ಪ ನಿಧಾನ ಸರ್.” ನಡುವೆ ಒಮ್ಮೆ ಪರದೆಯ ಕಡೆ ನೋಡಿ, “ಇವತ್ತು ಯಾಕೋ ಸರಿ ಇಲ್ಲ” ಎಂದು ಮರುಕದಿಂದ ಹೇಳಿದರು. ನನ್ನ ಬಗ್ಗೆ ಅಂದುಕೊಂಡೆ. ಸಿಸ್ಟಮ್ ಬಗ್ಗೆ.

ಆಮೇಲೆ ಕೆವೈಸಿ ಬಂತು, ಅಂದರೆ ‘ನಿಮ್ಮ ಗ್ರಾಹಕರನ್ನು ತಿಳಿಯಿರಿ’. ಆಧಾರ್, ಪ್ಯಾನ್, ಫೋಟೋ ಎಲ್ಲ ಮತ್ತೆ ಬೇಕಂತೆ. ಇದಕ್ಕೆ ನಾನು ಮನೆಯಲ್ಲೇ ತಯಾರಾಗಿ ಬಂದಿದ್ದೆ. ಒಂದು ಶಾಖೆಯಲ್ಲಿ ಕೆವೈಸಿ ಪೂರ್ತಿ ಆಗಿದ್ದು, ಅದನ್ನು ನವೀಕರಿಸುವ ಗಡುವು ಬಂದಿಲ್ಲದಿದ್ದರೆ, ಅದೇ ಬ್ಯಾಂಕಿನ ಬೇರೆ ಶಾಖೆಗೆ ಖಾತೆ ಒಯ್ಯಲು ಅದೇ ಸಾಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಕಡಿಮೆ ಅಪಾಯದ ಗ್ರಾಹಕರಿಗೆ ಆ ಗಡುವು 10 ವರ್ಷ. ನನಗಿಂತ ಕಡಿಮೆ ಅಪಾಯದವನನ್ನು ನಮ್ಮ ಏರಿಯಾದಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದನ್ನೆಲ್ಲ ಸ್ವಲ್ಪ ಗತ್ತಿನಿಂದಲೇ ಹೇಳಿದೆ.

ಮೇಡಂ ತಲೆಯಾಡಿಸಿದರು. “ರಿಸರ್ವ್ ಬ್ಯಾಂಕ್ ಹೇಳಬಹುದು ಸರ್. ಸಿಸ್ಟಮ್ ಒಪ್ಪಬೇಕಲ್ಲ.”

ಫೋಟೋ ಕೊಟ್ಟೆ.

ಕೊನೆಗೆ ಅವರಿಗೂ ನನ್ನ ಮೇಲೆ ಕನಿಕರ ಬಂದಿರಬೇಕು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಕಾರಣಗಳ ಪಟ್ಟಿಯೇ ಇತ್ತು. ನೌಕರಿಯ ವರ್ಗಾವಣೆ ಅಂದರೆ ಆಫೀಸಿನ ಪತ್ರ ಬೇಕು. ಮನೆ ಬದಲಾವಣೆಗೆ ಆ ಇಲ್ಲದ ಮನೆಯ ಪ್ರೂಫ್ ಬೇಕು. ‘ಇತರೆ’ ಒತ್ತಿದರೆ ಮ್ಯಾನೇಜರ್ ಒಪ್ಪಿಗೆ ಬೇಕು, ಮ್ಯಾನೇಜರ್ ವಿಲೀನದ ಕೆಲಸಕ್ಕೆ ರಿಂಗ್ ರೋಡಿನಾಚೆ ಹೋಗಿದ್ದಾರೆ. ಸಂಜೆಯೊಳಗೆ ದಾಟಿ ಬರುವ ಭರವಸೆ ಯಾರಿಗೂ ಇಲ್ಲ. ಉಳಿದದ್ದು ಒಂದೇ. ವಿವಾಹ. ಅದಕ್ಕೆ ಸಿಸ್ಟಮ್ ಏನನ್ನೂ ಕೇಳುವುದಿಲ್ಲ.

“ಸರ್, ಮದುವೆ ಆಗಿದೆ ತಾನೇ?”

“ಆಗಿದೆ. ಆದ್ರೆ ಮಗಳು ಕಾಲೇಜಿಗೆ ಹೋಗ್ತಾಳೆ.”

“ತಾರೀಕು ಕೇಳಲ್ಲ ಸರ್,” ಎಂದು ಅವರು ಒತ್ತಿಯೇಬಿಟ್ಟರು. ಪ್ರಿಂಟರು ಚೀಟಿ ಉಗುಳಿತು. ಪಕ್ಕದ ಕೌಂಟರಿನವರು, “ಶುಭಾಶಯ ಸರ್” ಅಂದರು.

ಆ ಚೀಟಿಯನ್ನು ಎಲ್ಲರೂ ಇಡುವ ಜಾಗದಲ್ಲೇ ನಾನೂ ಇಟ್ಟೆ, ಫ್ರಿಜ್ ಮೇಲೆ. ನನ್ನ ಹೆಂಡತಿ ಕರೆಂಟ್ ಬಿಲ್ ಹುಡುಕುವಾಗ ಅದು ಕೈಗೆ ಸಿಕ್ಕಿತು. ಅಡುಗೆಮನೆಯಿಂದಲೇ ಗಟ್ಟಿಯಾಗಿ ಓದಿದಳು. “ಖಾತೆ ವರ್ಗಾವಣೆಗೆ ಕಾರಣ, ವಿವಾಹ.” ಸ್ವಲ್ಪ ಹೊತ್ತು ಕುಕ್ಕರ್ ಕೂಡ ಸುಮ್ಮನಿತ್ತು. “ಯಾರ ಜೊತೆ?” ಎಂದು ಕೇಳಿದಳು. ನಾನು ಮೊದಲಿಂದ ಎಲ್ಲ ವಿವರಿಸಿದೆ. ನೋಟಿಸು, ರಿಂಗ್ ರೋಡು, ಸಿಸ್ಟಮ್ಮು. ಪೂರ್ತಿ ಕೇಳಿ, “ಬ್ಯಾಂಕಿನವರಿಗೆ ಒಂಚೂರೂ ಅನುಮಾನ ಬರಲಿಲ್ಲವಾ ನಿಮ್ಮನ್ನ ನೋಡಿ?” ಅಂದಳು. ಬೇಜಾರಾದದ್ದು ಇದಕ್ಕೆ.

ಅಮ್ಮ ಇದನ್ನೆಲ್ಲ ಕೇಳಿ ಪಿಗ್ಮಿ ಕಲೆಕ್ಟರನ್ನು ನೆನೆಸಿಕೊಂಡಳು. ಊರಲ್ಲಿ ದಿನದಿನದ ಉಳಿತಾಯದ ದುಡ್ಡು ತೆಗೆದುಕೊಳ್ಳಲು ಸಂಜೆ ಹೊತ್ತಿಗೆ ಚೀಲ ಹಿಡಿದು ಮನೆಗೇ ಬರುತ್ತಿದ್ದರು. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ ಪದ್ಧತಿ ಅದು. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದರಂತೆ. ನಾವು ಒಮ್ಮೆ ಮನೆ ಬದಲಾಯಿಸಿದಾಗ ಯಾರಿಗೂ ಅರ್ಜಿ ಕೊಟ್ಟಿರಲಿಲ್ಲ. ಕಲೆಕ್ಟರೇ ಅಂಗಡಿಯಲ್ಲಿ ವಿಚಾರಿಸಿಕೊಂಡು ಹೊಸ ಮನೆಗೆ ಬಂದರು. ಅಮ್ಮ ಕಾಫಿ ಕೊಟ್ಟಳು. ಪಾತ್ರೆಗಳನ್ನು ಜೋಡಿಸಿಡುವುದಕ್ಕೂ ಕೈ ಹಾಕಿದರು. ಕೆವೈಸಿ ಅಂದರೆ ಅದೇ ಇರಬೇಕು.

ಈಗ ನನ್ನ ಖಾತೆ ಪಾರ್ಕಿನ ಪಕ್ಕ ಇದೆ. ಸಂಖ್ಯೆ ಹಳೆಯದೇ, ಪುಣ್ಯ. ಆದರೆ ಶಾಖೆಯನ್ನು ಗುರುತಿಸುವ ಕೋಡ್, ಐಎಫ್‌ಎಸ್‌ಸಿ, ಬದಲಾಯಿತು. ಅದರಲ್ಲಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಸೊನ್ನೆ, ಮುಂದೆಂದಾದರೂ ಬೇಕಾದೀತು ಅಂತ ಕಾದಿಟ್ಟದ್ದು. ಕೊನೆಯ ಆರು ಶಾಖೆಯವು. ಆ ಆರಕ್ಕಾಗಿ ಹೊಸ ಪಾಸ್‌ಬುಕ್, ಹೊಸ ಚೆಕ್‌ಬುಕ್. ಪಿಎಫ್‌ನವರಿಗೆ ತಿಳಿಸಬೇಕು, ವಿಮೆಯವರಿಗೆ ತಿಳಿಸಬೇಕು, ಆದಾಯ ತೆರಿಗೆಯ ವೆಬ್‌ಸೈಟಿನಲ್ಲಿ ತಿದ್ದಬೇಕು. ದುಡ್ಡು ಹೊರಗೆ ಹೋಗುವುದಕ್ಕೆ ಮಾತ್ರ ಒಂದು ಚೂರೂ ತೊಂದರೆಯಾಗಲಿಲ್ಲ. ಎಸ್‌ಎಂಎಸ್ ಶುಲ್ಕವೂ ಕಾರ್ಡಿನ ವಾರ್ಷಿಕ ಶುಲ್ಕವೂ ಯಾರನ್ನೂ ದಾರಿ ಕೇಳದೆ ನೇರ ಹೊಸ ಶಾಖೆಗೆ ಬಂದು ಮುಟ್ಟಿದವು.

ಈ ವಿಷಯ ಭಾವಮೈದನ ಕಿವಿಗೂ ಬಿದ್ದಿದೆ. ಅವನು ಸ್ಕೂಟರ್‌ಗೆ ಅಂತ ನನ್ನ ಹತ್ತಿರ ಸಾಲ ತಗೊಂಡು ಸುಮಾರು ಕಾಲವಾಯಿತು. ಮೊನ್ನೆ ಅಕ್ಕನಿಗೆ ಫೋನ್ ಮಾಡಿ, “ಭಾವನ ಕೋಡ್ ಬದಲಾಗಿದೆಯಂತಲ್ಲ, ಅದಕ್ಕೇ ಹಾಕಿಲ್ಲ” ಎಂದನಂತೆ. ಇವನಿಗೆ ಯುಪಿಐ ಗೊತ್ತು. ನನ್ನ ಮೊಬೈಲ್ ನಂಬರ್ ಗೊತ್ತು. ಬೀಡಾ ಅಂಗಡಿಯಲ್ಲಿ ಹತ್ತು ರೂಪಾಯಿಗೂ ಸ್ಕ್ಯಾನ್ ಮಾಡುತ್ತಾನೆ. ಆದರೂ ನೆಪ ಉಳಿಯಬಾರದು ಅಂತ ಹೊಸ ಕೋಡನ್ನು ಅವತ್ತೇ ವಾಟ್ಸಾಪಿನಲ್ಲಿ ಕಳಿಸಿದೆ. ನೀಲಿ ಟಿಕ್ ಬಂದಿದೆ. ಕೆಳಗೆ ಅವನದೊಂದು ಉತ್ತರವೂ ಬಂದಿದೆ. “ಭಾವ, ಈ ಶಾಖೆ ಪರ್ಮನೆಂಟಾ? ಖಚಿತವಾದ ಮೇಲೆ ಹಾಕ್ತೀನಿ.”