ಇಲ್ಲಿ ಉಗುಳ ಬಾ

ಹೋದ ತಿಂಗಳು ಹೊಲದ ಉತಾರ, ಅಂದರೆ ಪಹಣಿ, ತೆಗೆಸೋಕೆ ಬೆಳಗಾವಿಯ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಕಚೇರಿಯವರು ‘ನಮ್ಮನ್ಯಾಕ ಬಿಟ್ರಿ’ ಅಂತ ಸಿಟ್ಟಾಗುತ್ತಾರೆ.

ಕಿಟಕಿಯ ಆಚೆ ಕೂತ ಗುಮಾಸ್ತರಿಗೆ ಕೈಮುಗಿದೆ. “ಸರ, ನಮ್ಮ ಉತಾರ ಆಗೇತೇನ್ರಿ?”

ಅವರು ನಿಧಾನಕ್ಕೆ ಗದ್ದ ಮೇಲೆತ್ತಿದರು. ಫ್ಯಾನ್ ನೋಡಿದರು. “ಊಂ” ಅಂದರು.

ಆಗಿದೆ ಅಂತಲೋ, ಆಗಬೇಕು ಅಂತಲೋ, ಯಾವ ಉತಾರ ಅಂತಲೋ ತಿಳಿಯಲಿಲ್ಲ.

“ನಾಳೆ ಬರ್ಲೇನ್ರಿ?”

“ಊಂಹೂಂ.”

“ಮತ್ತ ಯಾವಾಗ್ರಿ?”

“ಓಂಆಂ.”

ಕಕ್ಕಾಬಿಕ್ಕಿಯಾಗಿ ನಿಂತೆ. ಹಿಂದೆ ಸಾಲಿನಲ್ಲಿದ್ದ ಖಾನಾಪುರ ಕಡೆಯ ಮರಾಠಿ ಅಜ್ಜಿ ನನ್ನ ತೋಳು ತಟ್ಟಿ, “ಸೋಮವಾರೀ ಯಾ ಮ್ಹಣತಾಯತ” ಅಂದಳು. ಸೋಮವಾರ ಬಾ ಅನ್ನುತ್ತಿದ್ದಾರಂತೆ. ಅದು ನಿನಗೆ ಹೇಗೆ ತಿಳೀತಜ್ಜಿ ಅಂದರೆ, ಮೂರು ವರ್ಷದಿಂದ ಇದೇ ಕಿಟಕಿಗೆ ಬರುತ್ತಿದ್ದೇನೆ, ಅಷ್ಟೂ ಕಲಿಯದೆ ಇರುತ್ತೇನಾ ಅಂದಳು.

ಆಗ ನನಗೆ ಹೊಳೆಯಿತು. ಈ ಊರಲ್ಲಿ ಯಾವ ಬೋರ್ಡು ಯಾವ ಭಾಷೆಯಲ್ಲಿರಬೇಕು ಅಂತ ನಾವು ಹುಟ್ಟುವ ಮೊದಲಿನಿಂದ ಜಗಳ ನಡೆದಿದೆ. ಗಡಿ ವಿವಾದದ ಮೇಲೆ ಮಹಾಜನ ವರದಿ 1967ರಲ್ಲೇ ಬಂತು, ಜಗಳ ಮುಗಿಯಲಿಲ್ಲ. ಆದರೆ ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಆಡುವ ಈ ಭಾಷೆಗೆ ಮಾತ್ರ ಗಡಿ ತಂಟೆ ಇಲ್ಲ. ಕನ್ನಡಿಗ, ಮರಾಠಿಗ, ಉರ್ದು ಮಾತಾಡುವವ, ಎಲ್ಲರೂ ಒಂದೇ ಥರ ಆಡುತ್ತಾರೆ. ವ್ಯಾಕರಣವೂ ಸುಲಭ. ವ್ಯಂಜನಕ್ಕೆ ನಾಲಿಗೆ ಅಲ್ಲಾಡಬೇಕು, ತುಟಿ ಬಿಚ್ಚಬೇಕು. ಬಿಚ್ಚಿದರೆ ಎದುರಿನ ಫೈಲು ಕೆಂಪಾಗುತ್ತದೆ. ಹಾಗಾಗಿ ಎರಡು ಮೂರು ಸ್ವರ, ಒಂದು ಅನುಸ್ವಾರ, ಅಷ್ಟರಲ್ಲೇ ಆಡಳಿತ ನಡೆಯುತ್ತದೆ.

ಅರ್ಧ ತಾಸಿಗೊಮ್ಮೆ ಗುಮಾಸ್ತರು ಎದ್ದು ಹಿಂದಿನ ಕಿಟಕಿಗೆ ಹೋಗುತ್ತಾರೆ. ಪಿಚಕ್. ಅಲ್ಲಿಂದ ಮುಂದಿನ ಪುಡಿ, ಅಂದರೆ ಗುಟ್ಕಾ ಪೊಟ್ಟಣ, ಹರಿಯುವ ತನಕ ಎರಡು ನಿಮಿಷ ಅವರು ಕನ್ನಡ ಮಾತಾಡುತ್ತಾರೆ. ಹಳೆಯ ಗಿರಾಕಿಗಳಿಗೆ ಇದು ಗೊತ್ತು. ಪಿಚಕ್ ಅಂದದ್ದೇ ತಡ, ಸಾಲೆಲ್ಲ ಕಿಟಕಿಗೆ ಮುಗಿಬೀಳುತ್ತದೆ. ಸರ್ಕಾರದ ಸಕಾಲ ಯೋಜನೆ ಅಂದರೆ ಏನು ಅಂತ ನನಗೆ ಅವತ್ತು ಅರ್ಥವಾಯಿತು. ಆ ಎರಡು ನಿಮಿಷವೇ ಸಕಾಲ.

ಕಚೇರಿಯ ಗೋಡೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಲೆ ಬಿಳಿ ಸುಣ್ಣ, ಕೆಳಗೆ ಮೂರಡಿ ಕಡುಗೆಂಪು ಬಣ್ಣ. ಏನೋ ಅಂದಕ್ಕೆ ಬಳಿದಿದ್ದಾರೆ ಅಂದುಕೊಂಡಿದ್ದೆ. ಅಲ್ಲ. ಉಗುಳಿದ್ದು ಕಾಣಬಾರದು ಅಂತ ಮೊದಲೇ ಉಗುಳಿನ ಬಣ್ಣ ಬಳಿದುಬಿಟ್ಟಿದ್ದಾರೆ. ಇಲಾಖೆ ಸೋಲು ಒಪ್ಪಿಕೊಂಡ ಬಣ್ಣ ಅದು. ಮೆಟ್ಟಿಲ ಮೂಲೆಗಳಲ್ಲಿ ದೇವರ ಟೈಲ್ಸ್ ಅಂಟಿಸಿದ್ದಾರೆ. ಎಲ್ಲ ಧರ್ಮದ ದೇವರೂ ಸಾಲಾಗಿ ಕಾವಲು ಕೂತಿದ್ದಾರೆ. ನಮ್ಮವರು ಭಕ್ತಿವಂತರು. ದೇವರಿಗೆ ಒಂದು ಹನಿಯೂ ತಾಗದ ಹಾಗೆ, ಎರಡು ದೇವರ ನಡುವಿನ ಸಂದಿಗೆ ಗುರಿ ಇಟ್ಟು ಉಗುಳುತ್ತಾರೆ.

ಪಕ್ಕದಲ್ಲೇ ಒಂದು ಬೋರ್ಡು. ‘ಇಲ್ಲಿ ಉಗುಳಬಾರದು.’ ಯಾರೋ ಪುಣ್ಯಾತ್ಮರು ಅದರ ಮೇಲೇ ಪಿಚಕಾರಿ ಹೊಡೆದಿದ್ದಾರೆ. ಕೊನೆಯ ಎರಡು ಅಕ್ಷರ ಕೆಂಪಿನಲ್ಲಿ ಮುಳುಗಿವೆ. ಉಳಿದದ್ದು ಇಷ್ಟು: ‘ಇಲ್ಲಿ ಉಗುಳ ಬಾ.’

ಇಷ್ಟು ಆದರದಿಂದ ಕರೆದರೆ ಯಾರು ಬರುವುದಿಲ್ಲ ಹೇಳಿ?

ಕೆಳಗೆ ದಂಡದ ಮೊತ್ತವೂ ಇದೆ. 200 ಇದ್ದದ್ದನ್ನು ಹೊಡೆದು 1000 ಮಾಡಿದ್ದಾರೆ. 2025ರಲ್ಲಿ ರಾಜ್ಯದ ಕಾನೂನು ತಿದ್ದುಪಡಿಯಾಯಿತಲ್ಲ, ಸಾರ್ವಜನಿಕ ಜಾಗದಲ್ಲಿ ತಂಬಾಕು ಉಗುಳಿದರೆ ಸಾವಿರ ರೂಪಾಯಿ, 21 ವರ್ಷದ ಒಳಗಿನವರಿಗೆ ಮಾರುವಂತಿಲ್ಲ ಅಂತ. ರಸೀದಿ ಹರಿಯುವವರು ಯಾರು ಅಂತ ಗುಮಾಸ್ತರನ್ನು ಕೇಳಿದೆ. “ಊಂ” ಅಂದರು.

ಹೊರಗೆ ಬಂದು ಎದುರಿನ ಪಾನ್ ಅಂಗಡಿಗೆ ಹೋದೆ. ಸುಮ್ನೆ ಕೇಳಿದೆ, “ಗುಟ್ಕಾ ಐತೇನ್ರಿ ಕಾಕಾ?”

ಕಾಕಾ ಕಿವಿ ಮುಟ್ಟಿಕೊಂಡರು. “ಛೇ ಛೇ! ಅದು ಬಂದ್ ಆಗಿ ಎಷ್ಟ ವರ್ಷಾತ್ರಿ. ನಾವು ಮಾರೂದಿಲ್ಲ.”

ಕಾಕಾ ಹೇಳಿದ್ದು ನಿಜ. ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ತಿಂಗಳ ಕೊನೆಯಲ್ಲೇ ಸತ್ತಿದೆ, ಕಾಗದದ ಮೇಲೆ. ಆದರೆ ನನ್ನ ಪಕ್ಕ ನಿಂತಿದ್ದ ಹುಡುಗ ಮಾತಾಡದೆ ಎರಡು ಬೆರಳು ತೋರಿಸಿದ. ಕಾಕಾ ಎರಡು ಸರದಿಂದ ಒಂದೊಂದು ಪುಡಿ ಹರಿದು ಕೊಟ್ಟರು. ಒಂದರಲ್ಲಿ ಪಾನ್ ಮಸಾಲಾ, ಅಂದರೆ ಅಡಿಕೆ, ಕಾಚು, ಸುಣ್ಣ, ಘಮ. ಇದರಲ್ಲಿ ತಂಬಾಕಿಲ್ಲ ಅಂತ ಅದರ ಮೇಲೆ ಹೆಮ್ಮೆಯಿಂದ ಬರೆದಿದೆ. ಇನ್ನೊಂದರಲ್ಲಿ ಬರೀ ತಂಬಾಕು. ಹುಡುಗ ಎರಡನ್ನೂ ಹಲ್ಲಲ್ಲಿ ಹರಿದ. ಇದನ್ನು ಅದಕ್ಕೆ ಸುರಿದ. ಎರಡು ಸಲ ಕುಲುಕಿದ. ತಲೆ ಹಿಂದಕ್ಕೆ ಚೆಲ್ಲಿ ಬಾಯಿಗೆ ಹಾಕಿಕೊಂಡ. ಸತ್ತದ್ದು ಎದ್ದು ಕೂತಿತು.

ಕಾನೂನಿನ ಲೆಕ್ಕ ನೋಡಿ. ತಿನ್ನುವ ಪದಾರ್ಥಕ್ಕೆ ತಂಬಾಕು, ನಿಕೋಟಿನ್ ಬೆರೆಸಬಾರದು ಅಂತ 2011ರ ಆಹಾರ ನಿಯಮ ಹೇಳುತ್ತದೆ. ಸರಿ, ಕಂಪನಿಯವರು ಬೆರೆಸುವುದು ಬಿಟ್ಟರು. ಮಾರುವವರು ಬೆರೆಸುವುದಿಲ್ಲ. ಬೆರೆಸುವವನು ಗಿರಾಕಿ. ಮೊದಲು ಒಂದು ಕಾರ್ಖಾನೆ ಇತ್ತು. ಈಗ ಬೀದಿಗೆ ನೂರು ಕಾರ್ಖಾನೆ. ಕರೆಂಟ್ ಬೇಡ, ನೀರಿನ ಬಿಲ್ಲಿಲ್ಲ, ಲೈಸೆನ್ಸಿಲ್ಲ, ಇನ್‌ಸ್ಪೆಕ್ಟರ್ ಒಳಗೆ ಬಂದು ನೋಡುವ ಹಾಗೂ ಇಲ್ಲ. ಹೊಲಸು ನೀರನ್ನು ಮಾತ್ರ ಎಲ್ಲ ಕಾರ್ಖಾನೆಗಳ ಹಾಗೆ ರಸ್ತೆಗೇ ಬಿಡುತ್ತಾರೆ. ಈ ಜೋಡಿ ಪುಡಿಯ ಆಟ ಸುಪ್ರೀಂ ಕೋರ್ಟಿನ ಕಣ್ಣಿಗೂ ಬಿತ್ತು. ನಿಷೇಧವನ್ನು ಸರಿಯಾಗಿ ಪಾಲಿಸಿ ಅಂತ 2016ರಲ್ಲೇ ಹೇಳಿದೆ. ರಾಜ್ಯಗಳು “ಊಂ” ಅಂದಿರಬೇಕು.

ಇನ್ನು ಎಚ್ಚರಿಕೆಯ ಚಿತ್ರ. 2009ರಲ್ಲಿ ಮೊದಲ ಸಲ ಜಗಿಯುವ ತಂಬಾಕಿನ ಪೊಟ್ಟಣದ ಮೇಲೆ ಸರ್ಕಾರ ಏನು ಹಾಕಿಸಿತು ಗೊತ್ತಾ? ಚೇಳು. ತಂಬಾಕು ಚೇಳಿನಂತೆ ಕುಟುಕುತ್ತದೆ ಅಂತ ಹೇಳುವ ಕವಿತ್ವ ಇರಬೇಕು. ಬೀಡಿಗೆ ಗಣೇಶನ ಛಾಪು, ಬೆಂಕಿಪೆಟ್ಟಿಗೆಗೆ ಹುಲಿಯ ಛಾಪು ನೋಡಿ ಬೆಳೆದ ನಮ್ಮ ಜನಕ್ಕೆ ಅದು ಚೇಳು ಛಾಪಾಗಿ ಕಂಡರೆ ಯಾರ ತಪ್ಪು? ಆಮೇಲೆ ಬುದ್ಧಿ ಬಂದು ಕೊಳೆತ ಬಾಯಿಯ ಚಿತ್ರ ಹಾಕಿದರು. 2016ರಿಂದ ಅದು ಪೊಟ್ಟಣದ ಶೇ. 85 ಭಾಗ ಇರಲೇಬೇಕು. ನಮ್ಮ ಕಾಕಾ ಸರವನ್ನು ಮಡಚಿ, ಚಿತ್ರ ಒಳಗೆ ಹೋಗುವ ಹಾಗೆ ತೂಗುಹಾಕಿದ್ದಾರೆ. “ಸಣ್ಣ ಹುಡುಗ್ರು ಅಂಜ್ತಾವ್ರಿ” ಅಂದರು. ಶಾಲೆ ಹತ್ತಿರದಲ್ಲೇ ಇದೆ ಅಲ್ವಾ, ಪಾಪ.

ಟಿವಿಯಲ್ಲಿ ಪಾನ್ ಮಸಾಲಾದ್ದೇ ಹೆಸರಿನ ಏಲಕ್ಕಿಯ ಜಾಹೀರಾತು ಬರುತ್ತದೆ. ಒಂದು ಏಲಕ್ಕಿ ಕಾಳಿಗೆ ಹಿಂದಿಯ ದೊಡ್ಡ ದೊಡ್ಡ ಹೀರೋಗಳು, ಹೆಲಿಕಾಪ್ಟರು, ಅರಮನೆ. ನಮ್ಮವ್ವ ಐವತ್ತು ವರ್ಷದಿಂದ ಪಾಯಸಕ್ಕೆ ಏಲಕ್ಕಿ ಕುಟ್ಟಿ ಹಾಕುತ್ತಿದ್ದಾಳೆ. ಒಬ್ಬ ಹೀರೋನೂ ಮನೆ ಕಡೆ ಬರಲಿಲ್ಲ.

ನಗಬೇಡಿ, ಲೆಕ್ಕ ದೊಡ್ಡದಿದೆ. 2016-17ರ ಸರ್ಕಾರಿ ಸಮೀಕ್ಷೆಯಲ್ಲಿ ದೇಶದ ವಯಸ್ಕರ ಪೈಕಿ ಶೇ. 21.4 ಜನ ಹೊಗೆಯಿಲ್ಲದ ತಂಬಾಕಿನ ಗಿರಾಕಿಗಳು. ಸೇದುವವರು ಅದರ ಅರ್ಧ. ಅಂದರೆ ಹತ್ತು ಜನರ ಸಾಲು ನಿಂತರೆ ಇಬ್ಬರ ಬಾಯಿ ಕೆಲಸದಲ್ಲಿರುತ್ತದೆ. ಹೆಂಗಸರನ್ನು ಬಿಟ್ಟು ಲೆಕ್ಕ ಹಾಕಬೇಡಿ. ಗುಮಾಸ್ತರ ಮೇಲೆ ನನ್ನ ಜೊತೆ ಸೇರಿ ನಕ್ಕ ಆ ಖಾನಾಪುರದ ಅಜ್ಜಿ, ಸೊಂಟದಿಂದ ಸಣ್ಣ ಡಬ್ಬಿ ತೆಗೆದು ಬೆರಳಿಂದ ಒಸಡಿಗೆ ಕಪ್ಪು ಪುಡಿ ತಿಕ್ಕಿಕೊಂಡಳು. ಮಿಶ್ರಿ. ಹುರಿದ ತಂಬಾಕಿನ ಪುಡಿ. “ಹಲ್ಲಿಗೆ ಚಲೋ” ಅಂದಳು. ಬಾಯಲ್ಲಿ ನಾಲ್ಕು ಹಲ್ಲಿದ್ದವು.

ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಜಿಲ್ಲೆಯಲ್ಲೇ ಇದೆ. ತಂಬಾಕೂ ನಮ್ಮದೇ, ಬಾಯಿಯೂ ನಮ್ಮದೇ. ಸ್ವಾವಲಂಬನೆ ಅಂದರೆ ಇದು.

ಇಷ್ಟೆಲ್ಲ ಬೇರೆಯವರ ಮೇಲೆ ಬರೆದೆ. ಈಗ ನಮ್ಮ ಮನೆಯದು.

ಅಕ್ಕನ ಮಗನಿಗೆ ಇಪ್ಪತ್ನಾಲ್ಕು. ಹೋದ ವರ್ಷ ಮದುವೆಯಾಯಿತು. ಊಟದ ಹೊತ್ತಿಗೆ ಹೆಣ್ಣು ಗಂಡಿಗೆ ಲಾಡು ತಿನ್ನಿಸಬೇಕು, ಫೋಟೋದವನು ಕಾಯುತ್ತಿದ್ದಾನೆ. ಆಕೆ ಬೂಂದಿ ಲಾಡು ಎತ್ತಿ ಬಾಯ ಹತ್ತಿರ ಹಿಡಿದಳು. ಇವನು ಬಾಯಿ ತೆರೆದ. ಲಾಡು ಹೋಗಲಿಲ್ಲ. ನಾಚಿಕೆ ಅಂದುಕೊಂಡು ಎಲ್ಲರೂ ಹೋ ಅಂದರು. ಆಕೆ ಅರ್ಧ ಮುರಿದಳು. ಅದೂ ಹೋಗಲಿಲ್ಲ. ಕೊನೆಗೆ ಕಾಳು ಕಾಳಾಗಿ ಬಿಡಿಸಿ, ಹಕ್ಕಿಗೆ ಹಾಕಿದ ಹಾಗೆ ತುಟಿಯ ಸಂದಿಯಲ್ಲಿ ತುರುಕಿದಳು. ಆ ಫೋಟೋ ಆಲ್ಬಮ್ಮಿನಲ್ಲಿ ಈಗಲೂ ಇದೆ. ನಮ್ಮಕ್ಕ ಆ ಪುಟ ಬಂದಾಗ ಎರಡು ಹಾಳೆ ಒಟ್ಟಿಗೆ ತಿರುವುತ್ತಾಳೆ.

ಅದಕ್ಕೂ ಮೊದಲೇ ಸುಳಿವಿತ್ತು. ರೊಟ್ಟಿಗೆ ಕೆಂಪು ರಂಜಕ ಇಲ್ಲದೆ ಏಳದವನು ಮೊಸರು ಕೇಳತೊಡಗಿದ್ದ. ಖಾರ ತಾಗಿದರೆ ಬಾಯಿ ಉರಿ ಉರಿ ಅನ್ನುತ್ತಿದ್ದ. ಮೆಣಸಿನಕಾಯಿ ಜಾಸ್ತಿ ಆಯಿತು ಅಂತ ಅಕ್ಕ ಬೈಸಿಕೊಂಡಳು. ಮೆಣಸಿನಕಾಯಿಯ ತಪ್ಪೇನೂ ಇರಲಿಲ್ಲ.

ಹಲ್ಲಿನ ಡಾಕ್ಟರು ಕೆನ್ನೆಯ ಒಳಗೆ ಬೆರಳಾಡಿಸಿ ನೋಡಿದರು. ಮೆತ್ತಗಿರಬೇಕಾದ ಒಳಪದರ ಬಿಳಿಚಿಕೊಂಡು ಹಗ್ಗ ಹೊಸೆದ ಹಾಗೆ ಬಿಗಿದಿತ್ತು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂದರು. ಇದನ್ನು ಮಾಡುವುದು ಮುಖ್ಯವಾಗಿ ಅಡಿಕೆ. ತಂಬಾಕಿಲ್ಲ ಅಂತ ಹೆಮ್ಮೆಪಡುವ ಆ ಮೊದಲ ಪುಡಿ ಇದೆಯಲ್ಲ, ಅದೇ ಸಾಕು. ಅಡಿಕೆಯೂ ತಂಬಾಕೂ ಬೇರೆ ಬೇರೆಯಾಗಿಯೇ ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎಂದೋ ಪಟ್ಟಿ ಮಾಡಿದೆ. (ಮಲೆನಾಡಿನ ಬೀಗರು ಇಲ್ಲಿ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.) ಸುಣ್ಣ ಬಾಯಿಯ ಪದರವನ್ನು ಸುಡುತ್ತದೆ, ನಿಕೋಟಿನ್ ಬೇಗ ರಕ್ತಕ್ಕೆ ಸೇರುವ ಹಾಗೆ ಮಾಡುತ್ತದೆ. ಪುಡಿ ಒತ್ತಿಟ್ಟ ಜಾಗದಲ್ಲಿ ಒಸಡು ಕೆಳಗಿಳಿದು ಹಲ್ಲಿನ ಬೇರು ಕಾಣುತ್ತಿತ್ತು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಕೆಟ್ಟದ್ದು ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಬಂದರೆ ಒಂದು ದಿನವೂ ತಡಮಾಡದೆ ಬಾ ಅಂದರು. ನಮ್ಮ ದೇಶದ ಗಂಡಸರಿಗೆ ಅತಿ ಜಾಸ್ತಿ ಬರುವ ಕ್ಯಾನ್ಸರ್ ಬಾಯಿಯದೇ ಅಂತೆ. ಪುಡಿ ಬಿಟ್ಟರೆ ಆ ಅಪಾಯ ತಗ್ಗುತ್ತದೆ. ಬಿಗಿದದ್ದು ಮಾತ್ರ ಪೂರ್ತಿ ಸಡಿಲವಾಗುವುದಿಲ್ಲ.

“ನಿನ್ನ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಲ್ಲಿ ತೂರಿಸು” ಅಂದರು. ಒಂದೂವರೆ ಹೋಯಿತು.

ಈಗ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಐಸ್‌ಕ್ರೀಮ್ ಕಡ್ಡಿ ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಾನೆ. ಬಾಯಿ ತೆರೆಸುವ ವ್ಯಾಯಾಮ. ಹನ್ನೊಂದು ಕಡ್ಡಿಯಿಂದ ಶುರು ಮಾಡಿದ. ಈಗ ಹದಿಮೂರು. ಪೊಟ್ಟಣದ ಮೇಲೇ ಇರುವ 1800-11-2356ಕ್ಕೆ ಫೋನ್ ಮಾಡಿದ್ದ. ಬಿಡಲು ದಾರಿ ಹೇಳುವ ಸರ್ಕಾರಿ ನಂಬರು, ದುಡ್ಡು ಬೇಡ. ಆ ಕಡೆಯವರು ಸಮಾಧಾನದಿಂದ ಕೇಳಿದರಂತೆ. ಒಂದೇ ತೊಂದರೆ, ಮಾತಾಡಬೇಕು ಅಂದರೆ ಮೊದಲು ಉಗುಳಬೇಕು. ಅವನು ಉಗುಳಿದ. ಮತ್ತೆ ಹಾಕಿಕೊಂಡಿಲ್ಲ, ಇವತ್ತಿನವರೆಗೆ.

ಸೋಮವಾರ ಅವನನ್ನೂ ಕರೆದುಕೊಂಡು ಕಚೇರಿಗೆ ಹೋದೆ. ಹೊಲದಲ್ಲಿ ಅಕ್ಕನ ಪಾಲಿದೆ, ಅವನ ಸಹಿ ಬೇಕಿತ್ತು. ಗುಮಾಸ್ತರು ಗದ್ದ ಎತ್ತಿ ಹೆಸರು ಕೇಳಿದರು. “ಊಂಆಂ?” ಇವನು ಬಿಗಿದ ಬಾಯಲ್ಲೇ ಹೇಳಿದ. ಇಬ್ಬರ ಮಾತೂ ಒಂದೇ ಥರ ಕೇಳಿಸಿತು. ಅಣಕಿಸುತ್ತಿದ್ದಾನೆ ಅಂದುಕೊಂಡು ಅವರ ಕಣ್ಣು ಕೆಂಪಾದವು. ಎದ್ದು ಹೋಗಿ ಉಗುಳಿ ಬಂದರು.

“ಏನೋ ತಮ್ಮಾ, ಚಾಷ್ಟಿ ಮಾಡ್ತೀ ಏನ?”

“ಇಲ್ರಿ ಸರ. ಬಾಯಿ ಇಷ್ಟ ತೆರೀತೈತ್ರಿ.” ಇವನು ಬೆರಳು ತೂರಿಸಿ ತೋರಿಸಿದ. “ಮೂರ ಬೆರಳ ಹೋಗಬೇಕಂತ್ರಿ.”

ಗುಮಾಸ್ತರ ಕೈಯಲ್ಲಿ ಮುಂದಿನ ಪುಡಿ ಅರ್ಧ ಹರಿದಿತ್ತು. ಆ ಕಡೆ ಈ ಕಡೆ ನೋಡಿದರು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು. ಅವರು ಕಿಟಕಿಯ ಹತ್ತಿರ ಬಗ್ಗಿ, ಸಣ್ಣ ದನಿಯಲ್ಲಿ ಶುದ್ಧ ಕನ್ನಡದಲ್ಲಿ ಕೇಳಿದರು.

“ಯಾರ ಬೆರಳ್ರಿ? ಡಾಕ್ಟರದೋ, ನಮ್ಮದೋ?”

“ನಮ್ಮದರಿ.”

ಅವರು ಫೈಲೊಂದನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.