ಬರೀ ಡ್ಯಾನ್ಸರ್ ಅಲ್ಲ ಕಣ್ರೀ

ಮೈಕಲ್ ಜಾಕ್ಸನ್ ಅಂತ ಹೆಸರೆತ್ತಿದರೆ ಸಾಕು, ನಮ್ಮ ಚಿಕ್ಕಮಗಳೂರಲ್ಲಿ ಎಲ್ಲರಿಗೂ ಅವನ ಕಾಲೇ ನೆನಪಾಗೋದು. ಐ.ಜಿ. ರಸ್ತೆಯ ಅಂಗಡಿಯಲ್ಲಿ ಸಂಜೆ ಹೊತ್ತು ಅವನ ಹಾಡು ಹಾಕಿಕೊಂಡು ಕೂತಿರ್ತೀನಿ. ಒಳಗೆ ಬಂದವರು ಇಲ್ಲದ ಟೋಪಿ ಹಿಡಿದು, ಚಪ್ಪಲಿ ಜಾರಿಸುತ್ತಾ ಹಿಂದಕ್ಕೆ ಹೋಗಿ, "ಹೀ ಹೀ" ಅಂತ ಕಿರುಚಿ, "ಒಳ್ಳೆ ಡ್ಯಾನ್ಸರ್ ಬಿಡು ಮಾರಾಯ, ಹಾಡು ಅಷ್ಟಕ್ಕಷ್ಟೇ" ಅಂತಾರೆ. ಮೈಯೆಲ್ಲ ಉರಿದುಹೋಗುತ್ತೆ.

ಅಷ್ಟಕ್ಕಷ್ಟೇನಾ? 1969ರಲ್ಲಿ ಅಣ್ಣಂದಿರ ಜೊತೆ ಹಾಡಿದ ಮೊದಲ ದೊಡ್ಡ ಹಿಟ್ ಬಂದಾಗ ಅವನಿಗಿನ್ನೂ 11 ವರ್ಷ. ಆ ವಯಸ್ಸಿಗೆ ಆ ಗಂಟಲು ಎಲ್ಲಿಂದ ಬಂತು ಹೇಳಿ! ಸ್ವರಲಿಪಿ ಓದೋಕೆ ಬರ್ತಿರಲಿಲ್ಲ. ಬೇಸ್, ಡ್ರಮ್ಸ್ ಎಲ್ಲವನ್ನೂ ಬಾಯಲ್ಲೇ ನುಡಿಸಿ ಟೇಪಿಗೆ ಹಾಕ್ತಿದ್ದ. ಹಿಂದೆ ಗುಂಪಾಗಿ ಕೇಳಿಸುವ ಕೋರಸ್ ಇದೆಯಲ್ಲ, ಎಷ್ಟೋ ಹಾಡಲ್ಲಿ ಅದೂ ಅವನೊಬ್ಬನದೇ ದನಿ, ಪದರದ ಮೇಲೆ ಪದರ. ಇಯರ್‌ಫೋನ್ ಹಾಕಿ ಕೇಳಿ, ಪಲ್ಲವಿಗೆ ಮುಂಚೆ ಎಳೆದುಕೊಳ್ಳುವ ಉಸಿರು, ಬೆರಳ ಚಿಟಿಕೆ ಕೂಡ ಕಿವಿಗೆ ಬೀಳುತ್ತೆ.

ಅದೆಲ್ಲ ಬಿಡಿ, ಟಿವಿಯಲ್ಲಿ ಅವನ ಆ ಮೂನ್‌ವಾಕ್, ಅದೇ ಹಿಂದಕ್ಕೆ ಜಾರುವ ನಡಿಗೆ, ಜನ ನೋಡಿದ್ದೇ 1983ರಲ್ಲಿ. ಅದಕ್ಕೂ ಮುಂಚೆ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಲೋಕ ಅವನನ್ನು ಕೇಳಿ ಮೆಚ್ಚಿದ್ದು ಯಾವ ಲೆಕ್ಕಕ್ಕೆ?

ಕುಣಿಯೋದಿದ್ರೆ ಧಾರಾಳವಾಗಿ ಕುಣೀರಿ. ಹಾಡು ನಡೆಯುವಾಗ ಆ ಕಿರುಚಾಟ ಮಾತ್ರ ಬೇಡ. ಅವನು ಹಾಡ್ತಿದ್ದಾನೆ, ಕೇಳೋಕೆ ಬಿಡಿ.